ಹಲ್ಲುನೋವು ಅಂತ ಬಂದವರ ಗದ್ದದ ಕೆಳಗೆ ಮುಟ್ಟಿ ನೋಡುವುದು

ನನ್ನ ಕ್ಲಿನಿಕ್ ಇರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ನಾನು ಹಲ್ಲಿನ ಡಾಕ್ಟರಲ್ಲ. ಆದರೂ ಲವಂಗದೆಣ್ಣೆ ಹಚ್ಚಿ, ಮೆಡಿಕಲ್‌ನಿಂದ ತಂದ ಮಾತ್ರೆ ನುಂಗಿ, ಕೆನ್ನೆ ಬೀಗಿದ ಮೇಲೆ ಜನ ಬರುವುದು ನಮ್ಮಂಥವರ ಹತ್ತಿರವೇ. "ಒಂದು ಇಂಜೆಕ್ಷನ್ ಕೊಡಿ ಡಾಕ್ಟ್ರೇ, ನಾಳೆ ಅಡಿಕೆ ಸುಲಿಯಲಿಕ್ಕುಂಟು" ಅನ್ನುತ್ತಾರೆ.

ನಾನು ಹಲ್ಲು ನೋಡುವುದು ಕೊನೆಗೆ. ಸ್ವರ ಬದಲಾಗಿದೆಯಾ? ಎಂಜಲು ನುಂಗಲಾಗದೆ ಒರೆಸಿಕೊಳ್ಳುತ್ತಿದ್ದಾರಾ? ಆಮೇಲೆ ಗದ್ದದ ಕೆಳಗೆ ಎರಡೂ ಕಡೆ ಒತ್ತುತ್ತೇನೆ, ನಾಲಿಗೆ ಎತ್ತಿಸಿ ಅದರ ಬುಡವನ್ನೂ ಮುಟ್ಟುತ್ತೇನೆ. ಅಲ್ಲಿ ಮೆತ್ತಗಿರಬೇಕು. ಮರದ ಹಲಗೆಯ ಹಾಗೆ ಗಟ್ಟಿಯಾಗಿ, ನಾಲಿಗೆ ಮೇಲಕ್ಕೆ ತಳ್ಳಿಕೊಂಡಿದ್ದರೆ ಲುಡ್ವಿಗ್ ಆಂಜೈನಾ ಅಂತಲೇ ಹಿಡಿಯುತ್ತೇನೆ. ಅಂದರೆ ಬಾಯಿಯ ತಳಕ್ಕೆ ಹರಡಿದ ಸೋಂಕು; ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವಿವರಿಸಿದ ಕಾಯಿಲೆ ಇದು. ಕೆಳಗಿನ ಕೊನೆಯ ಎರಡು ದವಡೆ ಹಲ್ಲುಗಳ ಬೇರು ಬಾಯಿಯ ತಳದ ಸ್ನಾಯುವಿಗಿಂತ ಕೆಳಗೆ ಇಳಿದಿರುತ್ತದೆ. ಹಾಗಾಗಿ ಕೀವು ಒಸಡಿಗೆ ಬರದೆ ಕುತ್ತಿಗೆಗೆ ಇಳಿಯುತ್ತದೆ. ಬಾವು ಏರಿದರೆ ಕೆಲವೇ ಗಂಟೆಗಳಲ್ಲಿ ಉಸಿರಿನ ದಾರಿ ಮುಚ್ಚಬಹುದು.

ಬಾಯಿಗೆ ಮೂರು ಬೆರಳು ಹೋಗುತ್ತದಾ ಅನ್ನುವ ಪರೀಕ್ಷೆ ಮಾತ್ರ ನಮ್ಮೂರಲ್ಲಿ ಸ್ವಲ್ಪ ಕಷ್ಟ. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಚರ್ಮ ಬಿಗಿದು, ಬಾಯಿ ಮೊದಲೇ ಅರ್ಧ ತೆರೆಯುವುದು. ಅದಕ್ಕೇ "ಹೋದ ವಾರ ಎಷ್ಟು ತೆರೆಯುತ್ತಿತ್ತು?" ಅಂತ ಕೇಳುತ್ತೇನೆ. ಅವರಿಗಿಂತ ಹೆಂಡತಿಯನ್ನು ಕೇಳುವುದು ಒಳ್ಳೆಯದು, ಊಟ ಬಡಿಸುವವರಿಗೆ ಗೊತ್ತಿರುತ್ತದೆ ಅಲ್ವಾ? ಎರಡು ದಿನದಲ್ಲಿ ಹೊಸದಾಗಿ ಬಿಗಿದಿದ್ದರೆ ಸೋಂಕು ಜಗಿಯುವ ಸ್ನಾಯುವಿನ ತನಕ ಹೋಗಿದೆ ಅಂತ ಲೆಕ್ಕ.

ಬಾವು ಒಸಡಿನ ಹತ್ತಿರವೇ ಇದ್ದು ಜ್ವರ ಇಲ್ಲದಿದ್ದರೆ ಆಂಟಿಬಯಾಟಿಕ್ ಬರೆಯುವುದಿಲ್ಲ. ನೋವಿನ ಮಾತ್ರೆ ಕೊಟ್ಟು ಹಲ್ಲಿನ ಡಾಕ್ಟರ ಹತ್ತಿರ ಕಳಿಸುತ್ತೇನೆ. ಕೀವು ಹೊರಗೆ ಬರಬೇಕು, ಹಲ್ಲಿನ ಚಿಕಿತ್ಸೆ ಆಗಬೇಕು. "ಬಾವು ಇಳಿಯದೆ ಹಲ್ಲು ಕೀಳಬಾರದು" ಅನ್ನುವುದು ಸುಮ್ನೆ ಹೆದರಿಕೆ. ಜ್ವರ ಇದ್ದರೆ, ಬಾವು ಹರಡುತ್ತಿದ್ದರೆ ಪೆನಿಸಿಲಿನ್ ಅಲರ್ಜಿ ಕೇಳಿಕೊಂಡು ಅಮಾಕ್ಸಿಸಿಲಿನ್ 500 ಮಿ.ಗ್ರಾಂ. ದಿನಕ್ಕೆ ಮೂರು ಸಲ. ಬೇಕಾದರೆ ಜೊತೆಗೆ ಮೆಟ್ರೊನಿಡಜೋಲ್ ಅನ್ನುವ ಇನ್ನೊಂದು ಆಂಟಿಬಯಾಟಿಕ್, ಮದ್ಯ ಕುಡಿಯಬಾರದು ಅನ್ನುವ ಎಚ್ಚರಿಕೆಯೊಂದಿಗೆ. ಶುಗರ್ ಅಂತೂ ಎಲ್ಲರಿಗೂ ನೋಡುತ್ತೇನೆ. ಆಂಟಿಬಯಾಟಿಕ್ ಕೊಟ್ಟರೂ ಹಲ್ಲಿನ ಡಾಕ್ಟರನ್ನು ಕಾಣುವುದು ತಪ್ಪುವುದಿಲ್ಲ.

ಗದ್ದದ ಕೆಳಗೆ ಗಟ್ಟಿ, ಉಗುಳು ನುಂಗಲಾಗುವುದಿಲ್ಲ, ಬಾಯಿ ಹೊಸದಾಗಿ ಬಿಗಿದಿದೆ, ಬಾವಿನಿಂದ ಕಣ್ಣಿನ ರೆಪ್ಪೆ ಮುಚ್ಚಿದೆ: ಇದರಲ್ಲಿ ಒಂದಿದ್ದರೂ ಆ ರಾತ್ರಿಯೇ ಮಂಗಳೂರಿಗೆ. ಉಸಿರಿನ ದಾರಿ ಕಾಯಲಿಕ್ಕೆ ಅರಿವಳಿಕೆ ಡಾಕ್ಟರ್ ಇದ್ದಾರಾ ಅಂತ ಮೊದಲೇ ಫೋನ್ ಮಾಡುತ್ತೇನೆ. ರೋಗಿ ಕೂತುಕೊಂಡೇ ಹೋಗಬೇಕು, ಅಂಗಾತ ಮಲಗಿಸಿದರೆ ನಾಲಿಗೆ ಹಿಂದಕ್ಕೆ ಬೀಳುತ್ತದೆ. ಬಾವು ಎಷ್ಟು ಬೇಗ ಹರಡುತ್ತಿದೆ ಅಂತ ಅಲ್ಲಿ ಗೊತ್ತಾಗಲಿಕ್ಕೆ ಕೆಂಪಾದ ಜಾಗದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆಯುತ್ತೇನೆ. ನುಂಗಿದ ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಸ್ಟ್ರಿಪ್ಪನ್ನೇ ಚೀಟಿಗೆ ಪಿನ್ ಮಾಡಿ ಕಳಿಸುತ್ತೇನೆ.