ಸೌದೆ ಸೀಳುವ ಮಚ್ಚನ್ನು ನಾನು ಆರಿಸಿದ್ದು ಹೀಗೆ

ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿದರೆ ನಮ್ಮ ಮಾವನವರ ತೋಟ. ಶನಿವಾರ ಬೆಳಿಗ್ಗೆ ಬಸವನಗುಡಿಯಿಂದ ಹೊರಟರೆ ತಿಂಡಿ ಹೊತ್ತಿಗೆ ಅಲ್ಲಿರುತ್ತೇವೆ. ಅಲ್ಲಿನ ಬಚ್ಚಲುಮನೆಯಲ್ಲಿ ಈಗಲೂ ತಾಮ್ರದ ಹಂಡೆ ಇದೆ. ಒಲೆಯ ಬಾಯಿ ಒಂದು ಗೇಣು ಅಗಲ, ಅಷ್ಟೇ. ಹಾಗಾಗಿ ಸೌದೆಯನ್ನು ಸಣ್ಣಗೆ ಸೀಳಿಕೊಳ್ಳಲೇಬೇಕು. ಆರು ವರ್ಷದಿಂದ ಆ ಕೆಲಸ ನನ್ನದು.

ಕೊಡಲಿ ಇಲ್ವಾ ಅಂತ ತುಂಬ ಜನ ಕೇಳುತ್ತಾರೆ. ಇದೆ. ತೊಡೆ ಗಾತ್ರದ ಕೊರಡಿಗೆ ಕೊಡಲಿಯೇ ಸರಿ. ಆದರೆ ನಮ್ಮಲ್ಲಿ ಜಾಸ್ತಿ ಸಿಗುವುದು ಬದುವಿನ ಸಿಲ್ವರ್ ಓಕ್ ಕೊಂಬೆ, ನೀಲಗಿರಿ, ಸವರಿ ಹಾಕಿದ ಹೊಂಗೆ. ಹೆಚ್ಚೆಂದರೆ ಮೊಣಕಾಲು ಕೆಳಗಿನ ಮೀನಖಂಡದಷ್ಟು ದಪ್ಪ. ಅಂಥದ್ದನ್ನು ನೆಟ್ಟಗೆ ನಿಲ್ಲಿಸಿ ಕೊಡಲಿ ಬೀಸಿದರೆ ತುಂಡು ಉರುಳುತ್ತದೆ, ಏಟು ತಪ್ಪುತ್ತದೆ. ದೊಡ್ಡ ಚಾಕುವಾದರೆ ಅದರ ಬಾಯಿಯನ್ನು ತುಂಡಿನ ತಲೆಯ ಮೇಲಿಟ್ಟು, ಬೆನ್ನಿಗೆ ಮರದ ಕೊಡತಿಯಲ್ಲಿ ಬಡಿದರೆ ಆಯಿತು. ಎಲ್ಲಿ ಇಟ್ಟೆವೋ ಅಲ್ಲೇ ಸೀಳುತ್ತದೆ. ಕ್ಯಾಂಪಿಂಗ್ ಹವ್ಯಾಸದವರು ಇದಕ್ಕೆ ಬ್ಯಾಟನಿಂಗ್ ಅನ್ನುತ್ತಾರೆ.

ನನ್ನ ಮೊದಲ ಚಾಕು ಆನ್‌ಲೈನ್‌ನಲ್ಲಿ ತರಿಸಿದ್ದು. 10 ಇಂಚಿನ ಅಲಗು, ಮೇಲೆಲ್ಲ ಕಪ್ಪು ಬಣ್ಣ, ಬೆನ್ನಿನ ಮೇಲೆ ಗರಗಸದ ಹಲ್ಲು. ನೋಡಲು ಗಟ್ಟಿಮುಟ್ಟಾಗಿತ್ತು. ಮೂರನೇ ವಾರ ಒಣಗಿದ ನೀಲಗಿರಿ ತುಂಡಿಗೆ ಇಟ್ಟು ಬಡಿಯುತ್ತಿದ್ದೆ. ನಾಲ್ಕನೇ ಏಟಿಗೆ ಟಪ್ ಅಂತ ಸದ್ದಾಯಿತು. ಹಿಡಿ ನನ್ನ ಕೈಯಲ್ಲಿ, ಅಲಗು ಮರದಲ್ಲಿ. ಹಿಡಿಯ ರಬ್ಬರ್ ಕುಯ್ದು ನೋಡಿದೆ. ಒಳಗೆ ಹೋಗಿದ್ದ ಕಬ್ಬಿಣ ಕಿರುಬೆರಳಿನಷ್ಟು ಅಗಲ, ಎರಡು ಇಂಚು ಉದ್ದ. ಅಲಗು ಹಿಡಿಯನ್ನು ಸೇರುವ ಜಾಗದಲ್ಲೇ ಮುರಿದಿತ್ತು. ಮಗಳು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ನೋಡುತ್ತಿದ್ದಳು. ಅಲಗು ಮರದಲ್ಲಿ ಕಚ್ಚಿಕೊಳ್ಳದೆ ಪಕ್ಕಕ್ಕೆ ಹಾರಿದ್ದರೆ? ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಅವತ್ತಿನಿಂದ ಯಾರು ಚಾಕು ತೋರಿಸಿದರೂ ನಾನು ಮೊದಲು ನೋಡುವುದು ಹಿಡಿಯನ್ನು. ಅಲಗಿನ ಕಬ್ಬಿಣವೇ ಅದೇ ಅಗಲದಲ್ಲಿ ಹಿಡಿಯ ಕೊನೆವರೆಗೂ ಹೋಗಿರಬೇಕು. ಎರಡೂ ಕಡೆ ಮರ ಕೂರಿಸಿ ರಿವಿಟ್ ಹೊಡೆದಿರಬೇಕು. ಪಕ್ಕದಿಂದ ನೋಡಿದರೆ ಮರದ ನಡುವೆ ಕಬ್ಬಿಣದ ಗೆರೆ ಕಾಣಬೇಕು. ಫುಲ್ ಟ್ಯಾಂಗ್ ಅನ್ನುವುದು ಇದಕ್ಕೇ. ಮಲೆನಾಡಿನ ಕತ್ತಿಗಳಲ್ಲಿ ಚೂಪಾದ ಬಾಲವನ್ನು ಕಾಯಿಸಿ ಮರದ ಹಿಡಿಗೆ ಇಳಿಸಿರುತ್ತಾರಲ್ಲ, ಅವು ವರ್ಷಗಟ್ಟಲೆ ಬಾಳುತ್ತವೆ, ನಿಜ. ಆದರೆ ಅವುಗಳಿಂದ ಬೀಸಿ ಕಡಿಯುತ್ತಾರೆ. ಬೆನ್ನಿಗೆ ಕೊಡತಿಯಲ್ಲಿ ಬಡಿಯುವುದಿಲ್ಲ. ಕೆಲಸವೇ ಬೇರೆ.

ಹೊಸದು ತರುವ ಮುಂಚೆ ಕೈಗೆ ಸಿಕ್ಕಿದ್ದನ್ನೆಲ್ಲ ತೋಟದಲ್ಲಿ ಆಡಿಸಿ ನೋಡಿದೆ. ಸೋಮವಾರಪೇಟೆಯ ಗೆಳೆಯ ಅವರ ಮನೆಯ ಒಡಿಕತ್ತಿ ತಂದಿದ್ದ. ಕೊಡವರ ಮದುವೆಯಲ್ಲಿ ಬಾಳೆ ಕಡಿಯುತ್ತಾರಲ್ಲ, ಅದೇ ಆಕಾರ. ಅಗಲ ಅಲಗು, ಒಳಕ್ಕೆ ಬಾಗಿದ ಬಾಯಿ, ತೂಕವೆಲ್ಲ ಮುಂದೆ. ಹಸಿ ಕೊಂಬೆ ಕಡಿಯುವುದರಲ್ಲಿ ಅದನ್ನು ಮೀರಿಸುವುದು ಇನ್ನೊಂದಿಲ್ಲ. ಎರಡೇ ಏಟಿಗೆ ಮುಂಗೈ ದಪ್ಪದ ಹೊಂಗೆ ಬಿತ್ತು. ಆದರೆ ಸೀಳಲು ಕೂತರೆ ಬಾಗಿದ ಬಾಯಿ ತುಂಡಿನ ತಲೆಯ ಮೇಲೆ ಸಮವಾಗಿ ಕೂರುವುದಿಲ್ಲ. ಬಾಗಿದ ಬೆನ್ನಿಗೆ ಬಡಿದರೆ ಕೊಡತಿ ಜಾರುತ್ತದೆ. ನೇಪಾಳಿಗಳ ಬಾಗಿದ ಕತ್ತಿ ಕುಕ್ರಿಯದ್ದೂ ಇದೇ ಕಥೆ. ಇನ್ನು ಮಚೆಟಿ ಅನ್ನುವ 18 ಇಂಚಿನ ತೆಳು ಕತ್ತಿ. ಲಾಂಟಾನಾ ಪೊದೆ ಸವರಲು ಚೆನ್ನ. ಅದರ ಅಲಗು ಬರೀ 2 ಮಿಲಿಮೀಟರ್ ದಪ್ಪ ಇದ್ದಿದ್ದರಿಂದ ಒಣ ಮರಕ್ಕೆ ಬಿದ್ದರೆ ಝುಮ್ ಅಂತ ಕೈ ನಡುಗುತ್ತಿತ್ತು.

ಇಷ್ಟಾದ ಮೇಲೆ ನನಗೆ ಬೇಕಾದ್ದು ಸ್ಪಷ್ಟವಾಯಿತು. ನೆಟ್ಟಗಿನ ಬೆನ್ನು, 9 ಇಂಚಿನ ಅಲಗು, 5ರಿಂದ 6 ಮಿಲಿಮೀಟರ್ ದಪ್ಪ. 9 ಇಂಚು ಯಾಕೆ ಅಂದರೆ, ಸೀಳುವಾಗ ಅಲಗಿನ ತುದಿ ತುಂಡಿನ ಆಚೆಗೆ ಎರಡು ಇಂಚಾದರೂ ಚಾಚಿರಬೇಕು. ಅಲಗು ಮರದೊಳಗೆ ಇಳಿದ ಮೇಲೆ ಕೊಡತಿಗೆ ಸಿಗುವುದು ಆ ತುದಿ ಮಾತ್ರ. ಅಂದರೆ 9 ಇಂಚಿಗೆ 6 ಇಂಚು ದಪ್ಪದ ತುಂಡು ಆರಾಮಾಗಿ ಆಗುತ್ತದೆ. ಬಲ್ಲವರು ಹೊಗಳುವ ವಿದೇಶಿ ಚಾಕುಗಳ ಅಳತೆಯೂ ಹೆಚ್ಚುಕಮ್ಮಿ ಇದೇ. ಕಾ-ಬಾರ್ ಬೆಕರ್ ಬಿಕೆ9ರ ಅಲಗು 9 ಇಂಚು, ಈಎಸ್‌ಈಈ ಜಂಗ್ಲಾಸ್‌ನದ್ದು 10 ಇಂಚಿಗಿಂತ ಚೂರು ಜಾಸ್ತಿ. ಎರಡೂ ಸುಮಾರು 5 ಮಿಲಿಮೀಟರ್ ದಪ್ಪ, ಎರಡೂ ಕಾರ್ಬನ್ ಸ್ಟೀಲ್, ಅಂದರೆ ತುಕ್ಕು ಹಿಡಿಯುವ ಉಕ್ಕು.

ಸ್ಟೇನ್‌ಲೆಸ್ ಬೇಡ ಅಂತ ನಾನು ಆಗಲೇ ತೀರ್ಮಾನ ಮಾಡಿದ್ದೆ. ತುಕ್ಕು ಹಿಡಿಯದ ಒಳ್ಳೆ ಉಕ್ಕು ಇಲ್ಲ ಅಂತಲ್ಲ. ಆದರೆ ಏಟು ತಿನ್ನುವ ದೊಡ್ಡ ಚಾಕುವಿಗೆ ಗಡಸುತನಕ್ಕಿಂತ ತಾಳಿಕೆ ಮುಖ್ಯ. ತುಂಬ ಗಡಸಾದರೆ ಬಾಯಿ ಚಕ್ಕೆ ಏಳುತ್ತದೆ. ಚೂರು ಮೆತ್ತಗಿದ್ದರೆ ಬಾಯಿ ಮಡಚಿಕೊಳ್ಳುತ್ತದೆ, ಅದನ್ನು ಸಾಣೆಕಲ್ಲಿನಲ್ಲಿ ನಾವೇ ಸರಿ ಮಾಡಿಕೊಳ್ಳಬಹುದು. ಲಾರಿಯ ಸ್ಪ್ರಿಂಗ್ ಪಟ್ಟಿಯ ಉಕ್ಕು ಇದಕ್ಕೆ ಹೇಳಿ ಮಾಡಿಸಿದ್ದು. ದಿನವಿಡೀ ಹಳ್ಳ ದಿಣ್ಣೆಯಲ್ಲಿ ಬಾಗಿ ನೆಟ್ಟಗಾಗುವುದೇ ಅದರ ಕೆಲಸ, ಅಲ್ವಾ.

ಕಲಾಸಿಪಾಳ್ಯದ ಗುಜರಿಯಲ್ಲಿ ಪಟ್ಟಿ ಹುಡುಕಿದೆ. ಹಳೇ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ನಡುವಿನ ಬೋಲ್ಟ್ ತೂತಿನ ಸುತ್ತ ಅಂತೂ ಭಯ. ಅದಕ್ಕೇ ತೂತಿನಿಂದ ದೂರದ ತುಂಡು ಕತ್ತರಿಸಿಕೊಂಡು ಮಾಗಡಿ ಕಡೆಯ ಒಂದು ಕುಲುಮೆಗೆ ಒಯ್ದೆ. ಆಚಾರ್ರಿಗೆ ಅರವತ್ತು ದಾಟಿದೆ. ನಾನು ಕಾಗದದಲ್ಲಿ ಬರೆದ ಚಿತ್ರ ನೋಡಿ, "ಬಾಯಿ ಗಟ್ಟಿ ಇರ್ಬೇಕು, ಬೆನ್ನು ಮೆತ್ತಗಿರ್ಬೇಕು, ಅಷ್ಟೇ ತಾನೆ ಸ್ವಾಮಿ?" ಅಂದರು. ನಾನು ಎರಡು ತಿಂಗಳು ಓದಿ ತಿಳಿದಿದ್ದೂ ಇಷ್ಟೇ.

ಹದ ಹಾಕಿದ್ದನ್ನು ಪಕ್ಕದಲ್ಲೇ ಕೂತು ನೋಡಿದೆ. ಬಡಿದು ಆಕಾರಕ್ಕೆ ತಂದ ಅಲಗನ್ನು ಇದ್ದಿಲಿನಲ್ಲಿ ಕಾಯಿಸಿದರು. ಕಿತ್ತಳೆ ಕೆಂಪಿಗೆ ಬಂದಾಗ ಸ್ಪೀಕರ್‌ನ ಅಯಸ್ಕಾಂತ ಹತ್ತಿರ ಹಿಡಿದರು. ಅಂಟಲಿಲ್ಲ. ಹದಕ್ಕೆ ಬಂದಿದೆ ಅನ್ನುವುದಕ್ಕೆ ಅದೇ ಗುರುತು. ನೀರು ಬೇಡ, ಎಣ್ಣೆಯೇ ಆಗಲಿ ಅಂತ ನಾನು ಮೊದಲೇ ಕೇಳಿಕೊಂಡಿದ್ದೆ. ಈ ಉಕ್ಕು ನೀರಿನಲ್ಲಿ ಬಿರಿಯುವ ಸಾಧ್ಯತೆ ಜಾಸ್ತಿ. ಬಾಯಿಯ ಕಡೆಯನ್ನು ಮಾತ್ರ ಎಣ್ಣೆಗೆ ಅದ್ದಿ ಹಿಡಿದರು. ಆಮೇಲೆ ತೆಗೆದು ಕಲ್ಲಿನಿಂದ ಬಾಯಿಯ ಹತ್ತಿರ ಗಸಗಸ ಉಜ್ಜಿದರು. ಬಿಳಿ ಲೋಹ ಕಂಡಿತು. ಬೆನ್ನಿನಲ್ಲಿ ಉಳಿದಿದ್ದ ಶಾಖ ನಿಧಾನಕ್ಕೆ ಕೆಳಗೆ ಇಳಿಯಿತು, ಬಾಯಿಯ ಅತಿ ಗಡಸನ್ನು ಚೂರು ತಗ್ಗಿಸುವುದು ಅದೇ. ಬಿಳಿ ಜಾಗಕ್ಕೆ ಒಣಹುಲ್ಲಿನ ಹಳದಿ ಬಂತು, ಆಮೇಲೆ ಕಂದು. ನೇರಳೆ ತಲೆ ಹಾಕುತ್ತಿದ್ದ ಹಾಗೇ ಇಡೀ ಅಲಗನ್ನು ಎಣ್ಣೆಗೆ ಇಳಿಸಿಬಿಟ್ಟರು. ಒಂದು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಅವರು ಅಷ್ಟು ಹೊತ್ತೂ ಕಣ್ಣು ಮಿಟುಕಿಸಿದ ಹಾಗೆ ಕಾಣಲಿಲ್ಲ.

ತಣ್ಣಗಾದ ಮೇಲೆ ಹೊಸ ಅರ ತೆಗೆದುಕೊಂಡು ಬಾಯಿಗೆ ಆಡಿಸಿ ನೋಡಿದೆ. ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಿದರೆ ಗಡಸು ಹೆಚ್ಚಾಗಿದೆ ಅಂತ. ಬೆಣ್ಣೆಯ ಹಾಗೆ ಕಚ್ಚಿದರೆ ಹದವೇ ಆಗಿಲ್ಲ. ನಮ್ಮದು ಒಲ್ಲದ ಮನಸ್ಸಿನಿಂದ ಸ್ವಲ್ಪ ಸ್ವಲ್ಪ ಕಚ್ಚಿತು. ಬೇಕಾದ್ದೂ ಅದೇ. ಬೆನ್ನಿನ ಕಡೆ ಸುಲಭವಾಗಿ ಕಚ್ಚಿತು. ಅಂಗಡಿಯಲ್ಲಿ ಕೊಳ್ಳುವವರೂ ಕೇಳಿಕೊಂಡು ಹಿಡಿ ಹತ್ತಿರದ ಮೂಲೆಯಲ್ಲಿ ಒಂದು ಸಲ ಅರ ಆಡಿಸಿ ನೋಡಬಹುದು.

ಬಾಯಿಯನ್ನು ಕ್ಷೌರದ ಕತ್ತಿಯ ಹಾಗೆ ತೆಳ್ಳಗೆ ಮಾಡಿಸಬೇಡಿ. ತೆಳು ಬಾಯಿ ಮರದಲ್ಲಿ ಸಿಕ್ಕಿಕೊಳ್ಳುತ್ತದೆ, ಗಂಟಿಗೆ ಬಿದ್ದರೆ ಹಾಳಾಗುತ್ತದೆ. ಹುಣಸೆಬೀಜದ ಹಾಗೆ ಎರಡೂ ಕಡೆ ಸ್ವಲ್ಪ ಉಬ್ಬಿ ಕೂಡಿದರೆ ಅಲಗು ಬೆಣೆಯಂತೆ ಮರವನ್ನು ಬಿಡಿಸುತ್ತ ಹೋಗುತ್ತದೆ. ಒಂದೊಂದು ಕಡೆ 20ರಿಂದ 25 ಡಿಗ್ರಿ ಸಾಕು. ಹಿಡಿಗೆ ಜಾಲಿ ಮರ ಹಾಕಿಸಿದೆ. ಎಸ್.ಜೆ.ಪಿ. ರಸ್ತೆಯಲ್ಲಿ ಹಿತ್ತಾಳೆ ಸರಳು ತಂದುಕೊಟ್ಟೆ, ಅದರಲ್ಲೇ ರಿವಿಟ್ ಆಯಿತು.

ಮೊದಲ ಸಲ ತೂಕ 640 ಗ್ರಾಂ ಬಂದಿತ್ತು. ಅರ್ಧ ಗಂಟೆ ಬೀಸುವಷ್ಟರಲ್ಲಿ ಮಣಿಕಟ್ಟು ಸೋತುಹೋಗುತ್ತಿತ್ತು. ವಾಪಸ್ ಒಯ್ದು ಹಿಡಿಯ ಹತ್ತಿರ ಅಲಗಿನ ಎರಡೂ ಬದಿ ಸವೆಸಿಕೊಂಡು ಬಂದೆ. ಮುಂಭಾಗ ಮುಟ್ಟಿಸಲಿಲ್ಲ. ಈಗ 560. ಬೆರಳ ಮೇಲೆ ನಿಲ್ಲಿಸಿದರೆ ಹಿಡಿಗಿಂತ ಎರಡು ಬೆರಳು ಮುಂದೆ ತೂಗುತ್ತದೆ. ಬೀಸುವಾಗ ಮಚ್ಚೇ ಕೆಲಸ ಮಾಡುತ್ತದೆ, ಕೈ ಬರೀ ದಾರಿ ತೋರಿಸಿದರೆ ಸಾಕು.

ಬಳಸುವಾಗ ಕೆಲವು ಮಾತು. ನೀಲಗಿರಿಯ ನಾರು ಹೆಣೆದುಕೊಂಡಿರುತ್ತದೆ, ಹಸಿಯಿದ್ದಾಗಲೇ ಸೀಳಿಬಿಡಿ. ಒಣಗಿದ ಮೇಲೆ ಸತಾಯಿಸುತ್ತದೆ. ಸಿಲ್ವರ್ ಓಕ್ ಯಾವಾಗ ಬೇಕಾದರೂ ಸೀಳುತ್ತದೆ. ಗಂಟು ಇರುವ ಕಡೆ ಇಡಬೇಡಿ, ತುಂಡನ್ನು ತಿರುಗಿಸಿ. ಕಬ್ಬಿಣದ ಸುತ್ತಿಗೆಯಲ್ಲಿ ಬೆನ್ನಿಗೆ ಬಡಿಯಲೇಬೇಡಿ, ಮರದ್ದೇ ಆಗಬೇಕು. ಅಡಿಗೆ ಒಂದು ದಿಮ್ಮಿ ಇರಲಿ, ಮಂಡಿಯೂರಿ ಕೂತುಕೊಳ್ಳಿ, ಕಾಲು ಅಲಗಿನ ದಾರಿಯಲ್ಲಿ ಇರದಂತೆ ನೋಡಿಕೊಳ್ಳಿ. ಮಕ್ಕಳು ಹತ್ತು ಹೆಜ್ಜೆ ಆಚೆ.

ಕಾನೂನಿನ ವಿಷಯವೂ ಗೊತ್ತಿರಲಿ. ಆಯುಧ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಮನೆ ಬಳಕೆಗೆ, ಬೇಸಾಯಕ್ಕೆ ಅಂತಲೇ ಮಾಡಿದ್ದಕ್ಕೆ ವಿನಾಯಿತಿ ಇದೆ. ನಾನು ಅಳತೆಯನ್ನು ಆ ಗೆರೆಯ ಒಳಗೇ ಇಟ್ಟುಕೊಂಡೆ. ಆದರೂ ಊರಲ್ಲಿ ಸೊಂಟಕ್ಕೆ ಸಿಕ್ಕಿಸಿ ತಿರುಗುವ ವಸ್ತು ಅಲ್ಲ ಇದು. ಒರೆಯಲ್ಲಿ ಹಾಕಿ, ಗೋಣಿಯಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿ ಒಯ್ಯುತ್ತೇನೆ. ಮೆಟ್ರೊದಲ್ಲಿ ಬಿಡುವುದಿಲ್ಲ. ಬನ್ನೇರುಘಟ್ಟ, ಸಾವನದುರ್ಗ ಅಂತ ಚಾರಣಕ್ಕೆ ಹೋಗುವಾಗ ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಕಾಡಿನ ಮರಕ್ಕೆ ಕೈ ಹಾಕುವ ಹಕ್ಕು ನಮಗಿಲ್ಲ.

ಹೋದ ಮಳೆಗಾಲ ಬಳ್ಳಾರಿ ಜಾಲಿಯ ಗಂಟಿಗೆ ಬಿದ್ದು ಬಾಯಿ ಒಂದು ಕಡೆ ಅಕ್ಕಿಕಾಳಿನಷ್ಟು ಮಡಚಿತ್ತು. ಚಕ್ಕೆ ಏಳಲಿಲ್ಲ. ಕಲ್ಲಿನಲ್ಲಿ ಹತ್ತು ನಿಮಿಷ ಉಜ್ಜಿದೆ, ಸರಿಯಾಯಿತು. ಕೊಬ್ಬರಿ ಎಣ್ಣೆ ಸವರಿ ಹಂಡೆ ಒಲೆಯ ಪಕ್ಕದ ಗೂಟಕ್ಕೆ ನೇತುಹಾಕಿದ್ದೇನೆ.