ಮನೆಯಲ್ಲೇ ಚಿಗಾಂಗ್: ಎಂಟು ಚಲನೆ, ಹದಿನೈದು ನಿಮಿಷ

ದಿನವೆಲ್ಲ ಕೂತು ಕೆಲಸ ಮಾಡಿದವರ ಸುಸ್ತೇ ಬೇರೆ. ಮೈ ಬಳಲಿರುತ್ತದೆ, ಆದರೆ ದಿಂಬಿಗೆ ತಲೆ ಕೊಟ್ಟರೆ ನಿದ್ದೆ ಹತ್ತುವುದಿಲ್ಲ. ಹೆಗಲು ಕಲ್ಲಾಗಿರುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಓಡಾಡುತ್ತಿರುತ್ತದೆ. ಇಂಥವರಿಗೆ ಜಿಮ್‌ಗೆ ಹೋಗಿ ಎಂದರೆ ಹೋಗುವಷ್ಟು ಶಕ್ತಿ ಉಳಿದಿರುವುದಿಲ್ಲ, ಸುಮ್ನೆ ರೆಸ್ಟ್ ತಗೊಳ್ಳಿ ಎಂದರೆ ಮೊಬೈಲ್ ಹಿಡಿದು ಮಲಗಿಬಿಡುತ್ತಾರೆ. ಅಂಥವರಿಗೆ ಚೀನಾದ ಚಿಗಾಂಗ್ ಚೆನ್ನಾಗಿ ಒಗ್ಗುತ್ತದೆ. ನಿಂತಲ್ಲೇ ನಿಂತು, ನಿಧಾನವಾಗಿ ಕೈಕಾಲು ಆಡಿಸುತ್ತಾ, ಅದಕ್ಕೆ ತಕ್ಕ ಹಾಗೆ ಉಸಿರಾಡುವುದು. ಇಷ್ಟೇ.

ಚಿಗಾಂಗ್ ಒಂದೇ ಅಲ್ಲ, ಅದರಲ್ಲಿ ನೂರಾರು ಬಗೆಗಳಿವೆ. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ತಲೆ ಕೆಡುತ್ತದೆ. ನನ್ನ ಸಲಹೆ ಒಂದೇ: ಬೇರೆ ಯಾವುದನ್ನೂ ಮುಟ್ಟದೆ ಬಾದುವಾನ್‌ಜಿನ್ ಒಂದನ್ನೇ ಕಲಿಯಿರಿ. ಎಂಟು ಚಲನೆಗಳ ಒಂದು ಸರಣಿ ಅದು. ಚೀನಾದ ಸಾಂಗ್ ರಾಜವಂಶದ ಕಾಲದಿಂದ (960–1279) ಅದರ ಹೆಸರು ಸಿಗುತ್ತದೆ. ಈಗ ಹೆಚ್ಚಿನವರು ಕಲಿಸುವುದು ಚೀನಾದ ಆರೋಗ್ಯ ಚಿಗಾಂಗ್ ಸಂಘ 2003ರಲ್ಲಿ ಹೊರತಂದ ರೂಪವನ್ನು. ಒಂದು ಸುತ್ತಿಗೆ ಸುಮಾರು 12 ನಿಮಿಷ ಹಿಡಿಯುತ್ತದೆ. ಮೊದಲು ಕೊನೆಗೆ ಸ್ವಲ್ಪ ನಿಂತರೆ 15 ನಿಮಿಷ.

ಇದರ ಬೇರು ಇನ್ನೂ ಹಳೆಯದು. 1973ರಲ್ಲಿ ಹುನಾನ್ ಪ್ರಾಂತ್ಯದ ಚಾಂಗ್‌ಶಾ ನಗರದ ಮವಾಂಗ್‌ದೂಯಿ ಎಂಬಲ್ಲಿ ಕ್ರಿ.ಪೂ. 168ರ ಸಮಾಧಿಯೊಂದನ್ನು ಅಗೆದಾಗ ರೇಷ್ಮೆಯ ಮೇಲೆ ಬರೆದ ಒಂದು ಚಿತ್ರಪಟ ಸಿಕ್ಕಿತು. ಅದರಲ್ಲಿ 44 ಜನರಿದ್ದಾರೆ. ಗಂಡಸರು, ಹೆಂಗಸರು, ಮುದುಕರು, ಎಳೆಯರು, ಒಬ್ಬೊಬ್ಬರದು ಒಂದೊಂದು ಭಂಗಿ. ಕೈ ಮೇಲೆತ್ತಿದವರು, ಬಗ್ಗಿದವರು, ಮೈ ತಿರುಗಿಸಿದವರು. ಎರಡು ಸಾವಿರ ವರ್ಷಗಳ ಹಿಂದೆಯೂ ಜನ ಮೈ ಸಡಿಲ ಮಾಡಿಕೊಳ್ಳಲು ಇದನ್ನೇ ಮಾಡುತ್ತಿದ್ದರು ಎನ್ನುವುದು ನನಗಂತೂ ಖುಷಿ ಕೊಡುವ ಸಂಗತಿ. ಚಿಗಾಂಗ್ ಎಂಬ ಹೆಸರು ಜನರ ಬಾಯಿಗೆ ಬಂದದ್ದು ಮಾತ್ರ 1950ರ ದಶಕದಲ್ಲಿ. ಹೆಬೆ ಪ್ರಾಂತ್ಯದ ಲಿಯು ಗುಯಿಝೆನ್ ಎಂಬವರು ತಮ್ಮ ಹೊಟ್ಟೆಹುಣ್ಣಿಗೆಂದು ಇಂಥ ಅಭ್ಯಾಸ ಕಲಿತು, ಆಮೇಲೆ ಬೇದಾಯ್‌ಹೆ ಎಂಬ ಕಡಲ ತೀರದ ಆರೋಗ್ಯಧಾಮದಲ್ಲಿ ರೋಗಿಗಳಿಗೂ ಹೇಳಿಕೊಟ್ಟರು.

ಶುರು ಮಾಡುವ ಮುಂಚೆ

ಎರಡು ಕೈ ಚಾಚಿದರೆ ಗೋಡೆಗೆ ತಾಗದಷ್ಟು ಜಾಗ ಸಾಕು. ಸಡಿಲ ಬಟ್ಟೆ ಹಾಕಿಕೊಳ್ಳಿ, ಸೊಂಟದ ಹತ್ತಿರ ಬಿಗಿ ಇರಬಾರದು. ಬರಿಗಾಲು ಪರವಾಗಿಲ್ಲ, ನೆಲ ತಣ್ಣಗಿದ್ದರೆ ತೆಳು ಅಡಿಯ ಶೂ ಇರಲಿ. ನುಣುಪು ಟೈಲ್ಸ್ ಮೇಲೆ ಕಾಲುಚೀಲ ಮಾತ್ರ ಬೇಡ, ಜಾರುತ್ತದೆ. ಊಟವಾಗಿ ಒಂದೂವರೆ ಗಂಟೆಯಾದರೂ ಕಳೆದಿರಲಿ. ಬೆಳಿಗ್ಗೆ ಮಾಡಿದರೆ ದಿನಕ್ಕೆ ಹುರುಪು, ಸಂಜೆ ಕೆಲಸ ಮುಗಿದ ಮೇಲೆ ಮಾಡಿದರೆ ತಲೆ ಹಗುರ. ಎರಡರಲ್ಲಿ ನಿಮಗೆ ತಪ್ಪದೆ ಸಿಗುವ ಹೊತ್ತನ್ನು ಹಿಡಿಯಿರಿ. ಫ್ಯಾನ್ ನೇರವಾಗಿ ಮೈಮೇಲೆ ಬೀಸುವುದು ಬೇಡ. ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಬಿಪಿ ಜಾಸ್ತಿ ಇರುವವರು, ಗ್ಲಾಕೋಮಾ ಇರುವವರು, ತಲೆಸುತ್ತು ಬರುವವರು, ಗರ್ಭಿಣಿಯರು, ಇತ್ತೀಚೆಗೆ ಆಪರೇಷನ್ ಆದವರು ಡಾಕ್ಟರನ್ನು ಒಂದು ಮಾತು ಕೇಳಿ ಶುರು ಮಾಡಿ. ತಲೆ ಕೆಳಗೆ ಬಗ್ಗಿಸುವ ಚಲನೆಗಳು ಇವರಲ್ಲಿ ಹಲವರಿಗೆ ಆಗಿಬರುವುದಿಲ್ಲ, ಅವನ್ನು ಬಿಟ್ಟು ಉಳಿದವನ್ನು ಮಾಡಬಹುದು. ಚಿಗಾಂಗ್ ಶುರು ಮಾಡಿದೆ ಎಂದು ಮಾತ್ರೆ ನಿಲ್ಲಿಸಬೇಡಿ.

ಮೊದಲು ನಿಲ್ಲುವುದನ್ನು ಕಲಿಯಿರಿ

ಎಲ್ಲರೂ ಬೇಗ ದಾಟಿಹೋಗುವ ಹಂತ ಇದು. ಆದರೆ ನನ್ನ ಪ್ರಕಾರ ಅರ್ಧ ಚಿಗಾಂಗ್ ಇಲ್ಲೇ ಇದೆ, ಹಾಗಾಗಿ ಮೊದಲ ಒಂದು ವಾರ ಬರೀ ಇದನ್ನೇ ಮಾಡಿದರೂ ನಷ್ಟವಿಲ್ಲ.

ಪಾದಗಳನ್ನು ಭುಜದಷ್ಟು ಅಗಲಕ್ಕೆ, ಒಂದಕ್ಕೊಂದು ಸಮಾನಾಂತರವಾಗಿ ಇಡಿ. ಬೆರಳುಗಳು ಹೊರಗೆ ತಿರುಗಿರುತ್ತವೆ, ನೋಡಿ ಸರಿ ಮಾಡಿಕೊಳ್ಳಿ. ಮಂಡಿಯನ್ನು ಚೂರು ಸಡಿಲ ಬಿಡಿ. ಕುಳಿತುಕೊಳ್ಳುವಷ್ಟು ಬಗ್ಗಿಸುವುದು ಬೇಡ, ಬೀಗ ಬಿದ್ದ ಹಾಗೆ ನೆಟ್ಟಗಿರಬಾರದು ಅಷ್ಟೇ. ಈಗ ಕತ್ತು. ತಲೆಯ ಮೇಲೆ ತುಂಬಿದ ಕೊಡ ಹೊತ್ತು ನಡೆಯುವ ಹೆಂಗಸರ ಕತ್ತು ಹೇಗಿರುತ್ತದೆ? ನೆಟ್ಟಗಿರುತ್ತದೆ, ಆದರೆ ಬಿಗಿದಿರುವುದಿಲ್ಲ. ಗದ್ದ ಸ್ವಲ್ಪ ಒಳಗೆ. ಹಾಗೆ.

ಆಮೇಲೆ ಹೆಗಲು. ಒಮ್ಮೆ ಕಿವಿಯವರೆಗೆ ಎತ್ತಿ, ಉಸಿರು ಬಿಡುತ್ತಾ ಬಿಟ್ಟುಬಿಡಿ. ಎಷ್ಟು ಕೆಳಗೆ ಇಳಿಯಿತು ಎಂದು ಗಮನಿಸಿ. ಇಷ್ಟು ಹೊತ್ತು ಅಷ್ಟು ಮೇಲೆ ಹಿಡಿದುಕೊಂಡಿದ್ದೆವು ಅಂತ ಆಗ ಗೊತ್ತಾಗುತ್ತದೆ. ದವಡೆ ಕಚ್ಚಿಕೊಂಡಿದ್ದೀರಾ ನೋಡಿ, ಬಿಡಿ. ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದೆ ಮೆಲ್ಲಗೆ ತಾಗಿರಲಿ. ಈಗ ಎರಡೂ ಕೈಗಳನ್ನು ಹೊಟ್ಟೆಯ ಎದುರು, ದಪ್ಪ ಮರವನ್ನು ತಬ್ಬಿಕೊಂಡ ಹಾಗೆ ದುಂಡಗೆ ಹಿಡಿದು ನಿಲ್ಲಿ. ಮೊದಲ ದಿನ 2 ನಿಮಿಷ ಸಾಕು. ತೊಡೆ ನಡುಗಬಹುದು, ಬೆರಳ ತುದಿ ಬಿಸಿಯಾಗಬಹುದು ಅಥವಾ ಜುಮ್ಮೆನ್ನಬಹುದು. ಗಾಬರಿ ಬೇಡ. ಏನೂ ಅನಿಸದಿದ್ದರೂ ಸರಿಯೇ.

ಉಸಿರಿನ ವಿಷಯಕ್ಕೆ ಹೊಸಬರು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಮೂಗಿನಿಂದ ಎಳೆಯಿರಿ, ಮೂಗಿನಿಂದಲೇ ಬಿಡಿ, ಹೊಕ್ಕುಳಿನ ಕೆಳಗಿನ ಹೊಟ್ಟೆ ತಾನಾಗಿ ಉಬ್ಬಿ ಇಳಿಯಲಿ. ಕೈ ಮೇಲೆ ಹೋಗುವಾಗ ಅಥವಾ ಎದೆ ತೆರೆಯುವಾಗ ಒಳಗೆ, ಕೈ ಇಳಿಯುವಾಗ ಅಥವಾ ಮೈ ಬಗ್ಗುವಾಗ ಹೊರಗೆ. ಬಿಡುವ ಉಸಿರು ಎಳೆದುಕೊಂಡದ್ದಕ್ಕಿಂತ ತುಸು ಉದ್ದ ಇರಲಿ, ಏಕೆಂದರೆ ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ, ಮೈ ತಣ್ಣಗಾಗುವುದು ಆಗಲೇ. ಪ್ರಾಣಾಯಾಮ ಕಲಿತವರಿಗೆ ಕುಂಭಕದ ಅಭ್ಯಾಸ ಇರುತ್ತದೆ, ಇಲ್ಲಿ ಉಸಿರು ಹಿಡಿಯುವುದು ಬೇಡ. ಚಲನೆಗೂ ಉಸಿರಿಗೂ ತಾಳ ತಪ್ಪಿದರೆ ಉಸಿರನ್ನು ಅದರ ಪಾಡಿಗೆ ಬಿಟ್ಟು ಚಲನೆ ಮುಂದುವರಿಸಿ. ಕೆಲವು ವಾರಗಳಲ್ಲಿ ಎರಡೂ ತಾವಾಗಿ ಜೊತೆಗೂಡುತ್ತವೆ.

ಎಂಟು ಚಲನೆಗಳು

ಕೊನೆಯದೊಂದನ್ನು ಬಿಟ್ಟು ಪ್ರತಿಯೊಂದನ್ನೂ 6 ಸಲ ಮಾಡಿ. ಎಡ ಬಲ ಇರುವುದಾದರೆ ಎರಡೂ ಕಡೆಗೆ ಮೂರು ಮೂರು. ಹಳಬರು ಪ್ರತಿ ಚಲನೆಗೂ ಇದು ಹೊಟ್ಟೆಗೆ, ಅದು ಮೂತ್ರಪಿಂಡಕ್ಕೆ ಎಂದು ಒಂದೊಂದು ಅಂಗವನ್ನು ಜೋಡಿಸಿದ್ದಾರೆ. ಅದು ಚೀನೀ ವೈದ್ಯದ ಲೆಕ್ಕ.

ಮೊದಲನೆಯದು, ಎರಡೂ ಕೈಯಿಂದ ಆಕಾಶವನ್ನು ಎತ್ತುವುದು. ಹೊಟ್ಟೆಯ ಮುಂದೆ ಅಂಗೈ ಮೇಲ್ಮುಖವಾಗಿ ಬೆರಳು ಹೆಣೆಯಿರಿ. ಉಸಿರು ಎಳೆಯುತ್ತಾ ಎದೆಯವರೆಗೆ ತನ್ನಿ, ಅಲ್ಲಿ ಅಂಗೈಯನ್ನು ಹೊರಕ್ಕೆ ತಿರುಗಿಸಿ ತಲೆಯ ಮೇಲಕ್ಕೆ ತಳ್ಳಿ, ಕಣ್ಣು ಕೈಯನ್ನು ಹಿಂಬಾಲಿಸಲಿ. ಮೇಲೆ ಹೋದ ಮೇಲೆ ಗದ್ದ ಇಳಿಸಿ ಮುಂದೆ ನೋಡಿ ಒಂದು ಕ್ಷಣ ಚಾಚಿ. ಬೆರಳು ಬಿಡಿಸಿ, ಕೈಗಳನ್ನು ಎರಡೂ ಪಕ್ಕದಿಂದ ನಿಧಾನಕ್ಕೆ ಇಳಿಸಿ, ಇಳಿಯುವಾಗ ಮಂಡಿಯೂ ತುಸು ಮಡಚಲಿ. ಎಲ್ಲರೂ ತಪ್ಪುವುದು ಎಲ್ಲಿ ಗೊತ್ತಾ? ಕೈ ಮೇಲೆ ಹೋಗುವಾಗ ಹೊಟ್ಟೆ ಮುಂದಕ್ಕೆ ಬಂದು ಸೊಂಟ ಹಿಂದಕ್ಕೆ ಬಾಗುತ್ತದೆ. ಚಾಚಬೇಕಾದದ್ದು ಪಕ್ಕೆಲುಬು, ಸೊಂಟ ಅಲ್ಲ. ತಾಡಾಸನ ಮಾಡುವವರಿಗೆ ಇದು ಪರಿಚಿತ ಅನಿಸಬಹುದು, ಆದರೆ ಅಲ್ಲಿ ನಿಲ್ಲುತ್ತೀರಿ, ಇಲ್ಲಿ ಹರಿಯುತ್ತಲೇ ಇರುತ್ತೀರಿ.

ಎರಡನೆಯದು, ಬಿಲ್ಲು ಎಳೆಯುವುದು. ಎಡಗಾಲನ್ನು ಪಕ್ಕಕ್ಕೆ ಅಗಲ ಇಟ್ಟು, ಮಣಿಕಟ್ಟುಗಳನ್ನು ಎದೆಯ ಮುಂದೆ ಅಡ್ಡ ತನ್ನಿ. ಕುದುರೆಯ ಮೇಲೆ ಕೂತ ಹಾಗೆ ಸ್ವಲ್ಪ ಕುಳಿತು, ಎಡಗೈಯ ಹೆಬ್ಬೆರಳು ತೋರುಬೆರಳು ಬಿಡಿಸಿ ಎಡಕ್ಕೆ ಚಾಚಿ, ಬಲಗೈ ಬೆರಳುಗಳನ್ನು ಮಡಚಿ ಹೆದೆ ಎಳೆದ ಹಾಗೆ ಬಲ ಭುಜದ ಮುಂದಕ್ಕೆ ತನ್ನಿ. ನೋಟ ತೋರುಬೆರಳಿನ ಆಚೆಗೆ, ದೂರಕ್ಕೆ. ಆಮೇಲೆ ಕಾಲು ಕೂಡಿಸಿ ನಿಂತು ಇನ್ನೊಂದು ಕಡೆ. ಕಂಪ್ಯೂಟರ್ ಮುಂದೆ ಮುದುಡಿದ ಎದೆ ಇಲ್ಲಿ ತೆರೆಯುತ್ತದೆ, ಬೆನ್ನಿನ ಎರಡು ಚಿಪ್ಪೆಲುಬುಗಳು ಹತ್ತಿರ ಬರುವುದು ಗೊತ್ತಾಗಬೇಕು. ಮಂಡಿ ನೋವಿದ್ದರೆ ಕುಳಿತುಕೊಳ್ಳುವುದು ಬೇಡ, ನಿಂತೇ ಎಳೆಯಿರಿ.

ಮೂರನೆಯದು ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಎಡಗೈ ತಲೆಯ ಮೇಲೆ ಅಂಗೈ ಆಕಾಶಕ್ಕೆ, ಬಲಗೈ ಸೊಂಟದ ಪಕ್ಕ ಅಂಗೈ ನೆಲಕ್ಕೆ. ಒಂದೇ ಸಮಯದಲ್ಲಿ ಎರಡೂ ದಿಕ್ಕಿಗೆ ತಳ್ಳಿ, ಬಿಡಿ, ಬದಲಿಸಿ.

ನಾಲ್ಕನೆಯದು ಹಿಂತಿರುಗಿ ನೋಡುವುದು. ಕೈಗಳನ್ನು ಪಕ್ಕದಲ್ಲಿ ಇಳಿಬಿಟ್ಟು, ಉಸಿರು ಎಳೆಯುತ್ತಾ ಅಂಗೈಗಳನ್ನು ಹೊರಕ್ಕೆ ತಿರುಗಿಸಿ, ಜೊತೆಗೇ ತಲೆಯನ್ನು ಎಡಕ್ಕೆ ತಿರುಗಿಸಿ ಹಿಂದಕ್ಕೆ ನೋಡಿ. ಎದೆ ಮುಂದೆಯೇ ಇರಬೇಕು, ತಿರುಗುವುದು ಕತ್ತು ಮಾತ್ರ. ಉಸಿರು ಬಿಡುತ್ತಾ ಮುಂದಕ್ಕೆ ಬನ್ನಿ. ನಡುವೆ ಬಿಡುವು ಸಿಕ್ಕಾಗ ಕುರ್ಚಿಯಲ್ಲೇ ಕೂತು ಮಾಡಬಹುದಾದ ಚಲನೆ ಇದು.

ಐದನೆಯದು ಎಂಟರಲ್ಲೂ ಕಷ್ಟದ್ದು: ಅಗಲ ಕಾಲಿಟ್ಟು ಕುಳಿತು, ಕೈಗಳನ್ನು ತೊಡೆಯ ಮೇಲಿಟ್ಟು, ಮೇಲ್ಮೈಯನ್ನು ಒಂದು ಪಕ್ಕಕ್ಕೆ ವಾಲಿಸಿ, ಮುಂದೆ ಬಗ್ಗಿ, ಇನ್ನೊಂದು ಪಕ್ಕಕ್ಕೆ ಸುತ್ತಿಸಿ ಮೇಲೆ ಬರುವುದು, ಆಗ ಪೃಷ್ಠ ಎದುರು ದಿಕ್ಕಿಗೆ ಸರಿಯುತ್ತದೆ. ಮೊದಲ ತಿಂಗಳು ಇದನ್ನು ಪೂರ್ತಿ ಮಾಡಲು ಹೋಗಬೇಡಿ. ಕೈ ತೊಡೆಯ ಮೇಲಿಟ್ಟು ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಮೆಲ್ಲಗೆ ವರ್ಗಾಯಿಸಿ ಸಾಕು. ಮಂಡಿ ಯಾವತ್ತೂ ಪಾದದ ಬೆರಳಿನ ದಿಕ್ಕಿಗೇ ಇರಲಿ, ಒಳಗೆ ಕುಸಿಯಬಾರದು.

ಆರನೆಯದು ಕೈಯಿಂದ ಪಾದ ಮುಟ್ಟುವುದು. ಕೈ ಮೇಲೆತ್ತಿ ಎದೆಯ ಮುಂದೆ ಇಳಿಸಿ, ಕಂಕುಳ ಕೆಳಗಿಂದ ಬೆನ್ನಿಗೆ ತಂದು, ಅಂಗೈಯಿಂದ ಬೆನ್ನು, ಸೊಂಟ, ತೊಡೆಯ ಹಿಂಭಾಗ ಸವರುತ್ತಾ ಬಗ್ಗಿ. ಸವರುವಾಗ ಅಂಗೈಯ ಬಿಸಿ ತಾಗಬೇಕು. ಪಾದ ಸಿಗದಿದ್ದರೆ ಮಂಡಿಗೇ ನಿಲ್ಲಿಸಿ, ಯಾರೂ ಅಳತೆ ಹಿಡಿದು ಕೂತಿಲ್ಲ. ಏಳುವಾಗ ಕೈ ಮುಂದೆ ಚಾಚಿ, ಕೈ ಎತ್ತಿದ ಹಾಗೆ ಮೈ ಏಳಲಿ. ಸ್ಲಿಪ್ ಡಿಸ್ಕ್ ಇರುವವರು ಇದನ್ನು ಬಿಡಿ.

ಏಳನೆಯದಕ್ಕೆ ಹೆಬ್ಬೆರಳು ಒಳಗಿಟ್ಟು ಮುಷ್ಟಿ ಕಟ್ಟಿ ಸೊಂಟದ ಬಳಿ ಇಡಿ, ಕುದುರೆ ಸವಾರಿಯ ಹಾಗೆ ಕುಳಿತು, ಒಂದು ಮುಷ್ಟಿಯನ್ನು ನಿಧಾನವಾಗಿ ಮುಂದೆ ಚಾಚಿ. ಕಣ್ಣು ಅಗಲಿಸಿ ಮುಷ್ಟಿಯನ್ನೇ ದುರುಗುಟ್ಟಿ ನೋಡಿ. ಮುಷ್ಟಿ ಬಿಚ್ಚಿ, ಮಣಿಕಟ್ಟು ತಿರುಗಿಸಿ, ಏನನ್ನೋ ಹಿಡಿದ ಹಾಗೆ ಮತ್ತೆ ಕಟ್ಟಿ ಎಳೆದುಕೊಳ್ಳಿ. ಎಂಟರಲ್ಲಿ ಬಲ ಹಾಕುವುದು ಇದೊಂದರಲ್ಲೇ. ಮಧ್ಯಾಹ್ನದ ಜೊಂಪಿಗೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಎಂಟನೆಯದು ಹಿಮ್ಮಡಿ ಎತ್ತಿ ಇಳಿಸುವುದು, 7 ಸಲ. ಕಾಲು ಜೋಡಿಸಿ, ಹಿಮ್ಮಡಿ ಎತ್ತಿ ಒಂದೆರಡು ಕ್ಷಣ ನಿಂತು, ಅರ್ಧ ದಾರಿ ನಿಧಾನಕ್ಕೆ ಇಳಿದು ಉಳಿದದ್ದನ್ನು ಬಿಟ್ಟುಬಿಡಿ. ನೆಲಕ್ಕೆ ತಾಗಿದಾಗ ಬರುವ ಸಣ್ಣ ಅದುರು ಬೆನ್ನಿನುದ್ದ ಏರುವುದು ತಿಳಿಯುತ್ತದೆ. ಹಲ್ಲು ಕಟಕ್ಕೆಂದರೆ ಅದು ಜಾಸ್ತಿಯಾಯಿತು. ಮೂಳೆ ಸವೆತ ಇರುವವರು, ವಯಸ್ಸಾದವರು ಗೋಡೆ ಹಿಡಿದು ಮೆಲ್ಲಗೆ ಇಳಿಯಲಿ.

ಮುಗಿದ ಮೇಲೆ ತಕ್ಷಣ ಓಡಬೇಡಿ. ಎರಡೂ ಅಂಗೈಗಳನ್ನು ಒಂದರ ಮೇಲೊಂದು ಹೊಕ್ಕುಳಿನ ಕೆಳಗಿಟ್ಟು ಒಂದು ನಿಮಿಷ ನಿಲ್ಲಿ. ಆಮೇಲೆ ಅಂಗೈ ಉಜ್ಜಿ ಬಿಸಿ ಮಾಡಿ ಮುಖ, ಕತ್ತು ಸವರಿಕೊಳ್ಳಿ. ಒಂದೆರಡು ಗುಟುಕು ಬೆಚ್ಚಗಿನ ನೀರು ಕುಡಿಯಿರಿ.

ಎಂಟನ್ನೂ ಒಂದೇ ದಿನ ಕಲಿಯುವುದು ಬೇಡ

ಮೊದಲ ವಾರ ನಿಲ್ಲುವುದು ಮತ್ತು ಒಂದನೆಯ ಚಲನೆ. ಎರಡನೆಯ ವಾರ ಮೂರು ಮತ್ತು ನಾಲ್ಕು ಸೇರಿಸಿ, ಇವು ಸುಲಭ. ಆಮೇಲೆ ಎರಡು, ಏಳು, ಎಂಟು. ಬಗ್ಗುವ ಐದು ಮತ್ತು ಆರು ಕೊನೆಗೆ. ಎಂಟನ್ನೂ ಅರೆಬರೆ ಮಾಡುವುದಕ್ಕಿಂತ ಮೂರನ್ನು ಗಮನವಿಟ್ಟು ಮಾಡಿದರೆ ಫಲ ಜಾಸ್ತಿ. ನಿಮ್ಮ ಕೈಲಾಗುವುದರ ಮುಕ್ಕಾಲು ಪಾಲಷ್ಟೇ ಚಾಚಿ, ಮುಕ್ಕಾಲು ಪಾಲಷ್ಟೇ ಕುಳಿತುಕೊಳ್ಳಿ. ಪೂರ್ತಿ ಎಳೆದರೆ ಮೈ ತಾನಾಗಿ ಬಿಗಿಯುತ್ತದೆ, ಬಿಗಿದ ಮೈಗೆ ಉಸಿರು ಇಳಿಯುವುದಿಲ್ಲ. ಹುರುಪು ಬರುವುದು ಬಲ ಹಾಕಿದ್ದರಿಂದಲ್ಲ, ಹೆಗಲು ದವಡೆಗಳಲ್ಲಿ ಸುಮ್ಮನೆ ಖರ್ಚಾಗುತ್ತಿದ್ದದ್ದು ಉಳಿದಿದ್ದರಿಂದ ಎಂದು ನಾನು ನಂಬುತ್ತೇನೆ.

ಚಿ ಎಂದರೆ ಏನು ಎಂದು ಕೇಳಿದರೆ, ನಮ್ಮಲ್ಲಿ ಪ್ರಾಣ ಎನ್ನುತ್ತಾರಲ್ವಾ, ಹೆಚ್ಚು ಕಡಿಮೆ ಅಂಥದೇ ಕಲ್ಪನೆ. ಅದನ್ನು ಅಳೆಯುವ ಯಂತ್ರವಿಲ್ಲ. ಅದನ್ನು ನಂಬದೆಯೂ ಈ ಅಭ್ಯಾಸ ಮಾಡಬಹುದು. ವಯಸ್ಸಾದವರ ಸಮತೋಲನ, ನಿದ್ದೆ, ರಕ್ತದೊತ್ತಡದ ಮೇಲೆ ಬಾದುವಾನ್‌ಜಿನ್ ಏನು ಮಾಡುತ್ತದೆ ಎಂದು ಅಧ್ಯಯನಗಳು ನಡೆದಿವೆ. ಫಲಿತಾಂಶ ಆಶಾದಾಯಕವಾಗಿದೆ, ಆದರೆ ಅವುಗಳಲ್ಲಿ ಹಲವು ಸಣ್ಣವು. ಹಾಗಾಗಿ ಕ್ಯಾನ್ಸರ್ ವಾಸಿಯಾಗುತ್ತದೆ, ಕೈಯಿಂದ ಚಿ ಹರಿಸಿ ರೋಗ ತೆಗೆಯುತ್ತೇನೆ ಎನ್ನುವವರಿಂದ ದೂರ ಇರಿ. 1980ರ ದಶಕದಲ್ಲಿ ಚೀನಾದಲ್ಲೇ ಚಿಗಾಂಗ್ ಹುಚ್ಚು ಹಬ್ಬಿದಾಗ ಇಂಥ ಗುರುಗಳು ಬೇಕಾದಷ್ಟು ಹುಟ್ಟಿಕೊಂಡಿದ್ದರು.

ವಿಡಿಯೊ ನೋಡಿ ಕಲಿಯುವುದಾದರೆ ಒಬ್ಬರದೇ ವಿಡಿಯೊ ಹಿಡಿಯಿರಿ, ಒಬ್ಬೊಬ್ಬರು ಒಂದೊಂದು ಕ್ರಮದಲ್ಲಿ ಮಾಡುತ್ತಾರೆ. ಮೊದಲು ಕೂತು ಪೂರ್ತಿ ನೋಡಿ, ಆಮೇಲೆ ಎದ್ದು ಮಾಡಿ. ಬೆನ್ನು ತೋರಿಸಿ ಮಾಡುವ ವಿಡಿಯೊ ಸಿಕ್ಕರೆ ಎಡ ಬಲದ ಗೊಂದಲವೇ ಇರುವುದಿಲ್ಲ. ಮಂಡಿಯಲ್ಲೋ ಸೊಂಟದಲ್ಲೋ ಚುಚ್ಚುವ ನೋವು ಬಂದರೆ ಆ ಚಲನೆಯನ್ನು ಅಲ್ಲಿಗೇ ನಿಲ್ಲಿಸಿ. ತಲೆ ಸುತ್ತಿದರೆ ಕೂತು ಮಾಮೂಲಿಯಾಗಿ ಉಸಿರಾಡಿ. ತುಂಬಾ ಹೊತ್ತು ನಿಲ್ಲಲಾಗದ ಅಜ್ಜ ಅಜ್ಜಿಯರು ಗಟ್ಟಿ ಕುರ್ಚಿಯ ಅಂಚಿನಲ್ಲಿ, ಎರಡೂ ಪಾದ ನೆಲಕ್ಕೆ ಊರಿ ಕೂತು ಒಂದು, ಎರಡು, ಮೂರು, ನಾಲ್ಕು, ಏಳನೆಯ ಚಲನೆಗಳನ್ನು ಕೈಯಿಂದಲೇ ಮಾಡಬಹುದು. ಕುರ್ಚಿಗೆ ಚಕ್ರ ಮಾತ್ರ ಇರಬಾರದು.