ಮನೆಯ ಹಳೆಯ ಎಂ.ಜಿ. ಸ್ಪೋರ್ಟ್ಸ್ ಕಾರನ್ನು ಬಳ್ಳಾರಿಯ ಬಿಸಿಲು, ಧೂಳಿನಲ್ಲಿ ಮತ್ತೆ ಓಡಿಸುವ ಬಗೆ

ಅಜ್ಜನೋ ತಂದೆಯೋ ಕೊಂಡು, ಓಡಿಸಿ, ಕೊನೆಗೆ ಹತ್ತಿಯ ಗೋದಾಮಿನ ಮೂಲೆಗೆ ತಳ್ಳಿಟ್ಟ ಎರಡು ಸೀಟಿನ ಕಾರನ್ನು ಮತ್ತೆ ರಸ್ತೆಗೆ ತರಬೇಕೆಂಬ ಹಂಬಲ ಒಂದೆರಡು ವರ್ಷಗಳಲ್ಲಿ ತೀರುವಂಥದ್ದಲ್ಲ. ನಮ್ಮ ಮನೆಯದು ಎಂ.ಜಿ. ಕಂಪನಿಯ ಟಿ.ಡಿ. ಮಾದರಿ; ತಂದೆಯಿಂದ ನನ್ನ ಕೈಗೆ ಬಂದು, ನನ್ನ ಕೂದಲು ನೆರೆತರೂ ಅದರ ಕೆಲಸ ಮುಗಿದಿಲ್ಲ, ಮುಗಿಸಿಬಿಡಬೇಕೆಂಬ ಆತುರವೂ ನನಗಿಲ್ಲ. ಇಂಗ್ಲೆಂಡಿನ ಆಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ 1949ರ ಕೊನೆಯಿಂದ 1953ರವರೆಗೆ ತಯಾರಾದ ಈ ಮಾದರಿಯನ್ನು ಮುಂದಿಟ್ಟುಕೊಂಡೇ ಇಲ್ಲಿ ಕೆಲಸದ ಕ್ರಮವನ್ನು ವಿವರಿಸಿದ್ದೇನೆ. ಬೇರೆ ಮಾದರಿಯ ಕಾರುಳ್ಳವರಿಗೆ ಅಳತೆಗಳು ಬದಲಾಗುತ್ತವೆ, ಕ್ರಮ ಹೆಚ್ಚು ಬದಲಾಗುವುದಿಲ್ಲ.

ಪಾನಾ ಹಿಡಿಯುವ ಮೊದಲು ಕಾಗದಪತ್ರಗಳನ್ನು ಹುಡುಕಬೇಕು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸು ರಾಜ್ಯಕ್ಕೆ ಸೇರಿತ್ತು; ರಾಯಚೂರು ಮತ್ತು ಅಂದು ಅದರ ಭಾಗವಾಗಿದ್ದ ಕೊಪ್ಪಳ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆದ್ದರಿಂದ ಈ ವಯಸ್ಸಿನ ಕಾರಿನ ಮೊದಲ ನೋಂದಣಿ ಮೈಸೂರು ರಾಜ್ಯದ್ದಾಗಿರದೆ ಮದರಾಸಿನದೋ ಹೈದರಾಬಾದಿನದೋ ಆಗಿರುವ ಸಂಭವ ಹೆಚ್ಚು. ಹಳೆಯ ಆರ್.ಸಿ. ಪುಸ್ತಕ, ತೆರಿಗೆ ರಸೀದಿ, ವಿಮೆಯ ಚೀಟಿ, ಕಡೆಗೆ ನಂಬರ್ ಪ್ಲೇಟ್ ಕಾಣುವ ಮದುವೆಯ ಫೋಟೋ ಸಿಕ್ಕರೂ ಜೋಪಾನವಾಗಿ ತೆಗೆದಿಡಬೇಕು. ಅನಂತರ ಚಾಸಿಯ, ಅಂದರೆ ಕಾರಿನ ತಳದ ಚೌಕಟ್ಟಿನ, ಮುಂದಿನ ಎಡತುದಿಯಲ್ಲಿ ಕೊರೆದ ಸಂಖ್ಯೆಯನ್ನೂ ಎಂಜಿನ್ನಿನ ಮೇಲಿನ ಎಂಟು ಮೂಲೆಯ ಫಲಕದ ಸಂಖ್ಯೆಯನ್ನೂ ಸೀಮೆಎಣ್ಣೆಯಿಂದ ಮೆತ್ತಗೆ ಒರೆಸಿ ಓದಬೇಕು. ಎಮೆರಿ ಕಾಗದವನ್ನು ಅದರ ಮೇಲೆ ಎಂದೂ ಆಡಿಸಬಾರದು. ಈ ಮಾದರಿಯ ಸಂಖ್ಯೆಗಳು ಒಂದರಿಂದ ಆರಂಭವಾಗದೆ 251ರಿಂದ ಆರಂಭವಾಗುತ್ತವೆ; ಅದು ಆ ಕಾರ್ಖಾನೆಯ ದೂರವಾಣಿ ಸಂಖ್ಯೆಯಾಗಿತ್ತು.

ಈ ದಾಖಲೆಗಳು ಮುಂದೆ ಕಾನೂನಿನ ಕೆಲಸಕ್ಕೂ ಬೇಕಾಗುತ್ತವೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಕಾರು ತನ್ನ ಮೂಲ ರೂಪದಲ್ಲೇ ಉಳಿದಿದ್ದರೆ ವಿಂಟೇಜ್ ವಾಹನವೆಂದು ನೋಂದಣಿ ಪಡೆಯಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಚಾಸಿ ಅಥವಾ ಬಾಡಿಯನ್ನು ಮಾರ್ಪಡಿಸಿದ್ದರೆ, ಇಲ್ಲವೇ ಬೇರೆ ಎಂಜಿನ್ ಕೂರಿಸಿದ್ದರೆ ಈ ಅವಕಾಶ ತಪ್ಪುತ್ತದೆ. 'ಸುಮ್ಮನೆ ಮಾರುತಿ ಎಂಜಿನ್ ಹಾಕಿಸಿರಿ, ತಲೆನೋವೇ ಇರುವುದಿಲ್ಲ' ಎಂದು ಸಲಹೆ ಕೊಡುವವರು ಪ್ರತಿ ಗ್ಯಾರೇಜಿನಲ್ಲೂ ಒಬ್ಬರಿರುತ್ತಾರೆ. ಅವರಿಗೆ ಚಹಾ ಕುಡಿಸಿ ಕಳಿಸುವುದು ಒಳ್ಳೆಯದು.

ಇನ್ನು ಕಾರಿನ ಬಳಿಗೆ ಬರೋಣ. ನಮ್ಮ ಸೀಮೆಯ ಒಣ ಹವೆಯಲ್ಲಿ ಕರಾವಳಿಯ ಕಾರುಗಳಂತೆ ತಗಡು ತುಕ್ಕು ಹಿಡಿದು ಉದುರುವುದು ಕಡಿಮೆ. ಇಲ್ಲಿ ಕಾರನ್ನು ಹಾಳುಮಾಡುವವು ಗೆದ್ದಲು, ಇಲಿ, ಸಂಡೂರಿನ ಕಡೆಯಿಂದ ಬರುವ ಅದಿರಿನ ಕೆಂಪು ಧೂಳು, ಏಪ್ರಿಲ್–ಮೇ ತಿಂಗಳ ಬಿಸಿಲು. ಇವುಗಳಿಗಿಂತ ಹೆಚ್ಚಾಗಿ, ಒಂದೇ ವಾರದಲ್ಲಿ ಇಡೀ ಕಾರನ್ನು ಬಿಚ್ಚಿ ಡಬ್ಬಿಗಳಿಗೆ ತುಂಬುವ ಉತ್ಸಾಹ. ಬಿಚ್ಚಿದ ಕಾರು ಮತ್ತೆ ಜೋಡಣೆಯಾಗದೆ ಗುಜರಿಗೆ ಹೋಗುವುದೇ ಹೆಚ್ಚು. ಆದ್ದರಿಂದ ಒಂದು ಸಲಕ್ಕೆ ಒಂದೇ ಭಾಗವನ್ನು ಬಿಚ್ಚಿ, ಅದನ್ನು ಸರಿಪಡಿಸಿ, ಕೂರಿಸಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು. ಬಿಚ್ಚುವ ಮೊದಲು ಫೋಟೋ ತೆಗೆಯಬೇಕು, ಬಿಚ್ಚಿದ ಬೋಲ್ಟನ್ನು ಸಾಧ್ಯವಾದರೆ ಅದೇ ತೂತಿಗೆ ತಿರುಗಿಸಿಟ್ಟಿರಬೇಕು.

ಬೋಲ್ಟುಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಏಕೆಂದರೆ ಎಷ್ಟೋ ಎಂಜಿನ್ನುಗಳು ಸವೆತದಿಂದಲ್ಲ, ತಪ್ಪು ಬೋಲ್ಟಿನಿಂದ ಹಾಳಾಗುತ್ತವೆ. ಈ ಕಾರಿನ 1250 ಸಿ.ಸಿ. ಎಂಜಿನ್ನಿಗೆ ಎಕ್ಸ್‌ಪಿಎಜಿ ಎಂದು ಹೆಸರು. ಇದು ತಯಾರಾದದ್ದು ಮೋರಿಸ್ ಕಂಪನಿ 1923ರಲ್ಲಿ ಕೊಂಡ, ಇಂಗ್ಲೆಂಡಿನ ಕಾವೆಂಟ್ರಿಯ ಎಂಜಿನ್ ಕಾರ್ಖಾನೆಯಲ್ಲಿ; ಆ ಕಾರ್ಖಾನೆ ಅದಕ್ಕೂ ಮೊದಲು ಹಾಚ್‌ಕಿಸ್ ಎಂಬ ಫ್ರೆಂಚ್ ಸಂಸ್ಥೆಯದಾಗಿದ್ದು, ಅಲ್ಲಿನ ಯಂತ್ರಗಳು ಮೆಟ್ರಿಕ್ ಅಳತೆಯವಾಗಿದ್ದವು. ಅದರ ಫಲವಾಗಿ ಈ ಎಂಜಿನ್ನಿನ ಬೋಲ್ಟುಗಳ ಥ್ರೆಡ್ ಮೆಟ್ರಿಕ್, ತಲೆ ಮಾತ್ರ ಇಂಗ್ಲಿಷರ ವಿಟ್‌ವರ್ತ್ ಅಳತೆಯದು. ಅದೂ ಇಂದಿನ ಮೆಟ್ರಿಕ್ ಅಲ್ಲ: ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 8 ಮಿ.ಮೀ. ಬೋಲ್ಟಿನ ಪಿಚ್ (ಥ್ರೆಡ್ಡಿನ ಒಂದು ಸುತ್ತಿಗೂ ಮುಂದಿನದಕ್ಕೂ ನಡುವಿನ ದೂರ) 1.25 ಮಿ.ಮೀ., ಎಕ್ಸ್‌ಪಿಎಜಿಯ 8 ಮಿ.ಮೀ. ಬೋಲ್ಟಿನ ಪಿಚ್ 1. ಮೊದಲ ಸುತ್ತು ಕೈಯಿಂದಲೇ ಹೋದಂತೆ ತೋರಿ, ಪಾನಾ ಹಾಕಿ ಬಿಗಿದಾಗ ಬ್ಲಾಕಿನ ಒಳಗಿನ ಥ್ರೆಡ್ ಕಿತ್ತುಬರುತ್ತದೆ. ಚಾಸಿಯ ಬೋಲ್ಟುಗಳಾದರೋ ಬಿ.ಎಸ್.ಎಫ್. ಎಂಬ ಇಂಗ್ಲಿಷ್ ಅಳತೆಯವು. ಆದ್ದರಿಂದ ಒಂದು ಸೆಟ್ ವಿಟ್‌ವರ್ತ್ ಪಾನಾ ಮತ್ತು ಥ್ರೆಡ್ ಅಳೆಯುವ ಗೇಜು ಮೊದಲ ಖರೀದಿಯಾಗಬೇಕು. ಹಳೆಯ ರೈಸ್ ಮಿಲ್ ಮತ್ತು ಜಿನ್ನಿಂಗ್ ಕಾರ್ಖಾನೆಗಳ ಸಾಮಾನು ಮಾರುವ ಗುಜರಿಗಳಲ್ಲಿ ಇಂಥ ಪಾನಾಗಳನ್ನು ಹುಡುಕಬಹುದು, ಮತ್ತು ಅವು ಹೊಸವಕ್ಕಿಂತ ಗಟ್ಟಿಯಾಗಿರುತ್ತವೆ.

ನಿಂತುಹೋದ ಎಂಜಿನ್ನನ್ನು ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆದು ಚಾಲೂ ಮಾಡುವ ಪದ್ಧತಿಯನ್ನು ಖಡಾಖಂಡಿತವಾಗಿ ಬಿಡಬೇಕು. ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಪ್ರತಿ ಸಿಲಿಂಡರಿಗೆ ತೆಳುವಾದ ಎಣ್ಣೆ ಬಿಟ್ಟು, ಕೆಲವು ದಿನ ನೆನೆಯಲು ಬಿಡಬೇಕು. ಅನಂತರ ಮುಂದಿನ ಹ್ಯಾಂಡಲಿನಿಂದ ಮೆಲ್ಲಗೆ, ಹಿಂದಕ್ಕೂ ಮುಂದಕ್ಕೂ ಅಲುಗಿಸುತ್ತ ತಿರುಗಿಸಬೇಕು; ಬಿಗಿಯಾಗಿದ್ದರೆ ಮತ್ತೆ ಎಣ್ಣೆ, ಮತ್ತೆ ಕಾಯುವುದು, ಬಲಪ್ರಯೋಗವಲ್ಲ. ಸರಾಗವಾಗಿ ತಿರುಗಿದ ಮೇಲೆ ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿಯಾದ ಸಂಪ್ ಇಳಿಸಿ ತಳದ ಕಪ್ಪು ಗಷ್ಟನ್ನು ತೆಗೆಯಬೇಕು. ಈ ಎಂಜಿನ್ನಿನ ಆಯಿಲ್ ಪಂಪಿಗೆ ಒಂದು ದುರ್ಗುಣವಿದೆ: ಬಹಳ ದಿನ ನಿಂತರೆ ಅದು ಒಣಗಿ ಎಣ್ಣೆಯನ್ನು ಎಳೆಯುವುದನ್ನೇ ಬಿಡುತ್ತದೆ. ಆದ್ದರಿಂದ ಪಂಪಿನ ಮೇಲಿನ ಪ್ಲಗ್ ಬಿಚ್ಚಿ ಎಣ್ಣೆ ತುಂಬಿ, ಸ್ಪಾರ್ಕ್ ಪ್ಲಗ್ ಇಲ್ಲದೆಯೇ ಎಂಜಿನ್ನನ್ನು ತಿರುಗಿಸಿ, ಎಣ್ಣೆಯ ಒತ್ತಡದ ಗೇಜಿನ ಮುಳ್ಳು ಎದ್ದ ಮೇಲೆಯೇ ಚಾಲೂ ಮಾಡುವ ಯೋಚನೆ ಮಾಡಬೇಕು. ಬಿಸಿಯಾಗಿ ಓಡುವಾಗ ಒತ್ತಡ 40ರಿಂದ 60 ಪಿ.ಎಸ್.ಐ. ಇದ್ದರೆ ಬೇರಿಂಗುಗಳ ಚಿಂತೆಯಿಲ್ಲ. ಎಣ್ಣೆ 20ಡಬ್ಲ್ಯು–50 ಇರಲಿ, ಅದರಲ್ಲಿ ಸತುವಿನ ಅಂಶ ಸಾಕಷ್ಟಿರಲಿ. ಹೊಸ ಕಾರುಗಳ ತೆಳು ಎಣ್ಣೆ ವಾಲ್ವುಗಳನ್ನು ಎತ್ತುವ ಹಳೆಯ ಕ್ಯಾಮಿಗೆ ಆಗಿಬರುವುದಿಲ್ಲ. ವಾಲ್ವ್ ಬಿಡುವು ಮೊದಲ ಕಾರುಗಳಲ್ಲಿ 0.019 ಇಂಚು, ಕ್ಯಾಮ್ ಬದಲಾದ ಕೊನೆಯ ಕಾರುಗಳಲ್ಲಿ 0.012 ಇಂಚು. ನಿಮ್ಮದು ಯಾವುದೆಂದು ಎಂಜಿನ್ ಸಂಖ್ಯೆಯಿಂದ ತಿಳಿದುಕೊಂಡೇ ಸಂದು ಅಳೆಯುವ ಫೀಲರ್ ಗೇಜ್ ಹಿಡಿಯಬೇಕು.

ಸವೆದ ಸಿಲಿಂಡರುಗಳನ್ನು ಬೋರ್ ಮಾಡಿಸಲು, ಅಂದರೆ ಕೊರೆದು ಅಗಲಿಸಲು, ಕ್ರ್ಯಾಂಕ್ ಗ್ರೈಂಡ್ ಮಾಡಿಸಲು ಬೆಂಗಳೂರಿಗೇ ಹೋಗಬೇಕೆಂಬ ನಂಬಿಕೆ ತಪ್ಪು. ಅದಿರಿನ ಲಾರಿ ಮತ್ತು ಟ್ರ್ಯಾಕ್ಟರುಗಳನ್ನೇ ನೆಚ್ಚಿಕೊಂಡ ಬಳ್ಳಾರಿ, ಹೊಸಪೇಟೆ, ಗಂಗಾವತಿಯ ಲೇತ್ ಅಂಗಡಿಗಳಲ್ಲಿ ಕಬ್ಬಿಣದ ಗುಣ ತಿಳಿದ ಕೈಗಳಿವೆ. ಬೋರ್ 66.5 ಮಿ.ಮೀ., ಸ್ಟ್ರೋಕ್ 90 ಮಿ.ಮೀ. ಎಂದು ಬರೆದುಕೊಟ್ಟು, ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರ್ ಮಾಡಬೇಕೆಂದು ಒತ್ತಿ ಹೇಳಬೇಕು. ಬಾಲ್ ಬೇರಿಂಗುಗಳ ಮೇಲೆ ಅಂತರರಾಷ್ಟ್ರೀಯ ಸಂಖ್ಯೆ ಇರುವುದರಿಂದ ಅವು ಸಾಮಾನ್ಯ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತವೆ, ಎಂ.ಜಿ. ಹೆಸರು ಹೇಳಿ ಕೇಳಿದರೆ ಮಾತ್ರ ಇಲ್ಲ ಎನ್ನುತ್ತಾರೆ.

ಎಂಜಿನ್ ಉಸಿರಾಡಿದ ದಿನವೇ ಊರು ಸುತ್ತುವ ಆಸೆ ಸಹಜ, ಆದರೆ ಬ್ರೇಕ್ ಮುಗಿಯದೆ ಗೇಟು ದಾಟಕೂಡದು. ನಾಲ್ಕೂ ಚಕ್ರಗಳಿಗೆ ಲಾಕ್‌ಹೀಡ್ ಹೈಡ್ರಾಲಿಕ್ ಡ್ರಮ್ ಬ್ರೇಕುಗಳಿವೆ. ಡ್ರಮ್ಮಿನ ಒಳಗಿನ ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುವುದರಿಂದ ಆ ಪುಡಿಗೆ ಗಾಳಿಯ ಪೈಪು ಹಿಡಿಯಬಾರದು. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಬೇಕು. ರಬ್ಬರ್ ಭಾಗಗಳು ನೋಡಲು ಚೆನ್ನಾಗಿದ್ದರೂ ಎಲ್ಲವನ್ನೂ ಬದಲಿಸಬೇಕು. ಗುಳಿಬಿದ್ದ ವೀಲ್ ಸಿಲಿಂಡರಿಗೆ ಲೇತಿನಲ್ಲಿ ಸ್ಟೇನ್‌ಲೆಸ್ ಅಥವಾ ಹಿತ್ತಾಳೆಯ ಒಳಕೊಳವೆ (ಸ್ಲೀವ್) ಹಾಕಿಸಿದರೆ ಅದು ನಮ್ಮ ಆಯುಷ್ಯಕ್ಕಿಂತ ಹೆಚ್ಚು ಬಾಳುತ್ತದೆ. ಟೈರುಗಳ ಗೆರೆ ನೋಡಿ ಮೋಸಹೋಗಬಾರದು, ವಯಸ್ಸಾದ ಟೈರು ಬಿಸಿಲಿನಲ್ಲಿ ಸಿಡಿಯುತ್ತದೆ.

ವಿದ್ಯುತ್ತಿನ ಕೆಲಸದಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿ ಒಂದೇ: ಈ ಕಾರಿನಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಕೂರುತ್ತದೆ. ಇಂದಿನ ಬ್ಯಾಟರಿ ಅಂಗಡಿಯ ಹುಡುಗರ ಕೈ ಅಭ್ಯಾಸಬಲದಿಂದ ನೆಗೆಟಿವನ್ನೇ ಬಾಡಿಗೆ ಜೋಡಿಸುತ್ತದೆ. ಬ್ಯಾಟರಿ ಪೆಟ್ಟಿಗೆಯ ಒಳಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಇದನ್ನು ಬರೆಸಿಡುವುದು ಕ್ಷೇಮ. ಡೈನಮೋ ಬದಲಿಸಿದಾಗ ಅದರ ಎಫ್ ತುದಿಯ ತಂತಿಯನ್ನು ತೆಗೆದು, ಬ್ಯಾಟರಿಯ ನೆಗೆಟಿವ್ ತುದಿಯಿಂದ ಎಳೆದ ತಂತಿಯನ್ನು ಡೈನಮೋದ ಆ ಎಫ್ ತುದಿಗೆ ಒಂದು ಕ್ಷಣ ಮುಟ್ಟಿಸಿ ಧ್ರುವವನ್ನು ಸರಿಪಡಿಸಬೇಕು. ಇಲಿ ಕಡಿದ ಬಟ್ಟೆಸುತ್ತಿನ ವೈರುಗಳನ್ನು ತುಂಡುತುಂಡಾಗಿ ಜೋಡಿಸದೆ ಪೂರ್ತಿ ಹೊಸದಾಗಿ ಎಳೆಸಬೇಕು.

ಈ ಕಾರನ್ನು ಪೂರ್ತಿ ಲೋಹದ್ದೆಂದು ತಿಳಿಯುವವರೇ ಹೆಚ್ಚು. ಚಾಸಿ ಉಕ್ಕಿನದು, ಹೊರಮೈ ತಗಡು. ಆದರೆ ನಡುವಿನ ಬಾಡಿಯ ಎಲುಬುಗೂಡು ಆ್ಯಶ್ ಎಂಬ ಮರದ್ದು. ಬಾಗಿಲು ಜೋತು ಬಿದ್ದು ಚಿಲಕ ಕೂರದಿದ್ದರೆ ಕೀಲನ್ನು ದೂರಬೇಡಿ, ಕೆಳಗಿನ ಅಡ್ಡಪಟ್ಟಿಯನ್ನು ದಬ್ಬಣದಿಂದ ಚುಚ್ಚಿ ನೋಡಿ. ಗೆದ್ದಲು ಹೊರಗಿನ ಪದರವನ್ನು ಹಾಗೇ ಉಳಿಸಿ ಒಳಗೆಲ್ಲ ಮಣ್ಣು ತುಂಬಿರುತ್ತದೆ. ಮರ ಬದಲಿಸುವ ಮೊದಲು ಬಾಗಿಲಿನ ಸಂದುಗಳಿಗೆ ಅಡ್ಡವಾಗಿ ಕಬ್ಬಿಣದ ಪಟ್ಟಿ ಬಿಗಿದು, ಕರ್ಣದ ಅಳತೆಗಳನ್ನು ಎರಡೂ ಕಡೆ ತೆಗೆದು ಬರೆದಿಟ್ಟುಕೊಳ್ಳಬೇಕು. ಇದಿಲ್ಲದೆ ಬಾಡಿಯನ್ನು ಎತ್ತಿದರೆ ಅದು ಸೊಟ್ಟಗಾಗುತ್ತದೆ. ಕೊಳೆತ ತುಂಡನ್ನು ಎಸೆಯದೆ ಅದನ್ನೇ ಮಾದರಿಯಾಗಿಟ್ಟು ಹೊಸದನ್ನು ಕೆತ್ತಿಸಬೇಕು. ಆ್ಯಶ್ ಮರ ನಮ್ಮಲ್ಲಿ ಸಿಗುವುದಿಲ್ಲವಾದ್ದರಿಂದ ಚೆನ್ನಾಗಿ ಒಣಗಿದ ಹಳೆಯ ತೇಗ ನನ್ನ ಆಯ್ಕೆ: ಸ್ಕ್ರೂ ಹಿಡಿಯುತ್ತದೆ, ಗೆದ್ದಲಿಗೆ ಬೇಗ ಬಗ್ಗುವುದಿಲ್ಲ, ಬೇಸಿಗೆಯಲ್ಲಿ ತಿರುಚಿಕೊಳ್ಳುವುದಿಲ್ಲ. ಕೆಡವಿದ ಮನೆಗಳ ತೊಲೆಗಳು ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಜಾಲಿಯೂ ಗಟ್ಟಿಯೇ, ಆದರೆ ಭಾರ. ಕಿನ್ನಾಳದ ಗೊಂಬೆಗೆ ಒದಗುವ ಹಗುರ ಮರ ಇಲ್ಲಿ ಕೂಡದು. ಕೆಲಸಕ್ಕೆ ಫರ್ನಿಚರ್ ಅಂಗಡಿಯವರಿಗಿಂತ ಬಂಡಿ ಮಾಡಿ ಬಲ್ಲ ಹಳೆಯ ಬಡಿಗೇರರು ಮೇಲು. ಅಲುಗಾಡುವ ಮರಕ್ಕೂ ಕಬ್ಬಿಣಕ್ಕೂ ಹೊಂದಿಕೆಯಾಗುವಂತೆ ಸಂದು ಕೂಡಿಸುವುದು ಅವರಿಗೆ ಗೊತ್ತು. ಸಿಂಧನೂರು, ಸಿರುಗುಪ್ಪದ ಸುತ್ತಿನ ಹಳ್ಳಿಗಳಲ್ಲಿ ವಿಚಾರಿಸಬೇಕು.

ಬಣ್ಣ ಕೊನೆಯ ಕೆಲಸ. ಮೂಲ ಬಣ್ಣ ಯಾವುದೆಂದು ಡ್ಯಾಶ್‌ಬೋರ್ಡಿನ ಹಿಂಬದಿಯಲ್ಲೋ ಸೀಟಿನ ಅಡಿಯಲ್ಲೋ ಹುಡುಕಿದರೆ ತಿಳಿಯುತ್ತದೆ. ಅದಿರಿನ ಧೂಳು ಹಾರುವ ತಿಂಗಳುಗಳನ್ನೂ ಮಳೆಯ ತೇವವನ್ನೂ ಬಿಟ್ಟು ನವೆಂಬರಿನಿಂದ ಜನವರಿಯೊಳಗೆ, ಮುಚ್ಚಿದ ಶೆಡ್ಡಿನಲ್ಲಿ, ನೆಲಕ್ಕೆ ನೀರು ಚಿಮುಕಿಸಿ ಹೊಡೆಸಬೇಕು. ಗಟ್ಟಿಕಾರಕ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣದ ಹಬೆ ಶ್ವಾಸಕೋಶಕ್ಕೆ ಅಪಾಯಕಾರಿ. ಕರವಸ್ತ್ರ ಕಟ್ಟಿಕೊಂಡು ಹೊಡೆಯುವ ಪೇಂಟರಿಗೆ ಕೆಲಸ ಕೊಡಬಾರದು. ತಗಡಿನ ನೆಗ್ಗುಗಳನ್ನು ಟಿಂಕರಿಂಗಿನಲ್ಲೇ ಎತ್ತಿಸಬೇಕು, ಪುಟ್ಟಿ ಮೆತ್ತಿಸಬಾರದು. ಎಲ್ಲ ನೆಗ್ಗುಗಳನ್ನೂ ಅಳಿಸಲೇಬೇಕೆಂದೂ ಇಲ್ಲ. ಅಜ್ಜನ ಕಾಲದಲ್ಲಿ ಹಿತ್ತಾಳೆ ಬೆಸುಗೆ ಹಾಕಿಸಿದ ಮಡ್‌ಗಾರ್ಡಿನ ತೇಪೆ ಗಟ್ಟಿಯಾಗಿದ್ದರೆ ನಾನು ಅದನ್ನು ಮುಟ್ಟುವುದಿಲ್ಲ. ಕಾರ್ಖಾನೆಯಿಂದ ಈಗಷ್ಟೇ ಬಂದಂತೆ ಕಾಣುವ ಕಾರು ಯಾರ ಮನೆಯದೂ ಆಗಿರಬಹುದು. ಮೇಲ್ಛಾವಣಿಯ ಕ್ಯಾನ್ವಾಸಿಗೆ ಮಾತ್ರ ಬಳ್ಳಾರಿಗಿಂತ ಒಳ್ಳೆಯ ಊರಿಲ್ಲ: ಜೀನ್ಸ್ ಹೊಲಿಯುವ ಘಟಕಗಳ ಭಾರಿ ಯಂತ್ರಗಳು ನಾಲ್ಕು ಪದರದ ಬಟ್ಟೆಯನ್ನೂ ಲೀಲಾಜಾಲವಾಗಿ ಹೊಲಿಯುತ್ತವೆ.

ಇನ್ನು ಪೆಟ್ರೋಲು. ವಾಲ್ವ್ ಕೂರುವ ಸೀಟನ್ನು ಸವೆಯದಂತೆ ಕಾಯುತ್ತಿದ್ದ ಸೀಸದ ಪೆಟ್ರೋಲು ದೇಶದಲ್ಲಿ 2000ದಲ್ಲೇ ನಿಂತಿತು. ಹೆಡ್ ಬಿಚ್ಚಿದಾಗ ಆ ಸೀಟು ಸವೆದಿದ್ದರೆ ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಸೀಟು ಹಾಕಿಸಿದರೆ ಆ ಚಿಂತೆ ಕಳೆಯಿತು. ಈಗಿನ ತೊಂದರೆ ಎಥನಾಲ್. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ನಳಿಕೆಗಳನ್ನು ಮೆತ್ತಗೆ ಮಾಡಿ, ಗಾಳಿಯ ತೇವವನ್ನು ಹೀರಿ, ಟ್ಯಾಂಕಿನ ತಳದಲ್ಲಿ ನೀರಾಗಿ ಕೂರುತ್ತದೆ. ನಳಿಕೆಗಳನ್ನೂ ಎಸ್.ಯು. ಕಂಪನಿಯ ಪೆಟ್ರೋಲ್ ಪಂಪಿನ ಪೊರೆಯನ್ನೂ ಎಥನಾಲ್ ತಾಳುವ ಗುಣದವಕ್ಕೆ ಬದಲಿಸಬೇಕು, ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬೊರೇಟರನ್ನೂ ಖಾಲಿ ಮಾಡಬೇಕು. ಎರಡು ಎಸ್.ಯು. ಕಾರ್ಬೊರೇಟರುಗಳನ್ನು ಸರಿದೂಗಿಸಲು ಯಂತ್ರ ಬೇಡ. ಒಂದು ಮೊಳದ ರಬ್ಬರ್ ನಳಿಕೆಯ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಒಂದೊಂದರ ಬಾಯಿಗೂ ಹಿಡಿದು, ಎರಡರ ಉಸಿರಿನ ಸದ್ದೂ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸಿದರೆ ಸಾಕು.

ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ಐದು ನಿಮಿಷ ನಿಲ್ಲಿಸಿದ ಕಾರು ಮತ್ತೆ ಚಾಲೂ ಆಗದಿದ್ದರೆ ಅದು ಪೆಟ್ರೋಲು ನಳಿಕೆಯಲ್ಲೇ ಆವಿಯಾದುದರ ಲಕ್ಷಣ. ನಳಿಕೆಯನ್ನು ಎಕ್ಸಾಸ್ಟಿನಿಂದ ದೂರ ಸರಿಸಿ ಶಾಖ ತಡೆಯುವ ಪಟ್ಟಿ ಸುತ್ತಬೇಕು, ರೇಡಿಯೇಟರಿನ ಒಳಗಿನ ಬಿಳಿ ಗಟ್ಟಿಯನ್ನು ಬೇಸಿಗೆಗೆ ಮುಂಚೆಯೇ ತೆಗೆಸಬೇಕು, ನಮ್ಮ ಬೋರ್‌ವೆಲ್ಲಿನ ಗಡಸು ನೀರನ್ನು ಅದಕ್ಕೆ ಎಂದೂ ಹಾಕಬಾರದು. ಆ ತಿಂಗಳುಗಳಲ್ಲಿ ಬೆಳಗಿನ ಎಂಟರೊಳಗೆ ಮನೆ ಸೇರುವಂತೆ ಓಡಿಸುವುದು ಕಾರಿಗೂ ಹಿತ, ಓಡಿಸುವವರಿಗೂ ಹಿತ. ತೋರಣಗಲ್ಲು, ಸಂಡೂರಿನ ರಸ್ತೆಯಲ್ಲಿ ಹೋಗಿಬಂದರೆ ಎಣ್ಣೆ ತುಂಬಿದ ಏರ್ ಕ್ಲೀನರನ್ನು ಮರುದಿನವೇ ಬಿಚ್ಚಿ, ತಳದಲ್ಲಿ ನಿಂತ ಕೆಂಪು ಕೆಸರನ್ನು ಸೀಮೆಎಣ್ಣೆಯಿಂದ ತೊಳೆದು, ಗೆರೆಯವರೆಗೆ ಹೊಸ ಎಣ್ಣೆ ತುಂಬಬೇಕು.